ಜೀರ್ಣೋದ್ಧಾರವೆಂಬ ಮರೆತ ಮಾತು

ಪ್ರಬಂಧಗಳನ್ನು ತಿದ್ದುವುದು ಕನ್ನಡ ಅಧ್ಯಾಪಕನ ಪಾಲಿಗೆ ಬಂದ ನಿತ್ಯಕರ್ಮ. ಅದರಿಂದ ಪುಣ್ಯ ಬರುತ್ತದೆಯೋ ಇಲ್ಲವೋ ತಿಳಿಯದು. ಆದರೆ ಜನ ಯಾವ ಮಾತನ್ನು ಆಡುತ್ತಿದ್ದಾರೆ, ಯಾವ ಮಾತನ್ನು ಮರೆತಿದ್ದಾರೆ ಎಂಬುದು ಚೆನ್ನಾಗಿ ತಿಳಿದುಬರುತ್ತದೆ. ಈಚೆಗೆ ನಮ್ಮ ತರಗತಿಗೆ ‘ನಮ್ಮೂರಿನ ಒಂದು ಹಳೆಯ ಕಟ್ಟಡ’ ಎಂಬ ವಿಷಯ ಕೊಟ್ಟಿದ್ದೆ. ನಲವತ್ತು ಪ್ರಬಂಧಗಳು ಬಂದವು. ಒಂದನ್ನು ಬಿಟ್ಟು ಉಳಿದವುಗಳಲ್ಲೆಲ್ಲ ಎರಡು ವಿಶೇಷಣಗಳು ಮತ್ತೆ ಮತ್ತೆ ಎದುರಾದವು: ‘ಭವ್ಯ’ ಮತ್ತು ‘ಶಿಥಿಲ’. ಮೊದಲ ಪುಟದಲ್ಲಿ ಕಟ್ಟಡ ಭವ್ಯವಾಗಿತ್ತು; ಕೊನೆಯ ಪುಟದಲ್ಲಿ ಶಿಥಿಲವಾಗಿತ್ತು. ನಡುವೆ ಏನಾಯಿತೆಂಬುದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದ ಆ ಒಂದು ಪ್ರಬಂಧದ ಮಾತನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ.

ತಪ್ಪು ವಿದ್ಯಾರ್ಥಿಗಳದಲ್ಲ. ಹಳೆಯ ಕಟ್ಟಡಗಳನ್ನು ಕುರಿತು ನಮ್ಮ ಪತ್ರಿಕೆಗಳು, ಭಾಷಣಗಳು, ಸರಕಾರಿ ವರದಿಗಳು ಬಳಸುವುದೂ ಈ ಎರಡೇ ಮಾತುಗಳನ್ನು. ಅಭಿಮಾನಿಗಳ ಬಾಯಲ್ಲಿ ‘ಭವ್ಯ’, ಕೆಡವಬೇಕೆನ್ನುವವರ ಬಾಯಲ್ಲಿ ‘ಶಿಥಿಲ’. ಒಂದೊಂದು ಕಟ್ಟಡ ಬಿದ್ದಾಗಲೂ ಈ ಎರಡು ಪದಗಳು ಹೋರಾಡುತ್ತವೆ. ಹೋರಾಟ ಮುಗಿಯುವ ಹೊತ್ತಿಗೆ ಕಟ್ಟಡ ಇರುವುದಿಲ್ಲ. ಮೂರನೆಯದೊಂದು ಮಾತು ನಮ್ಮ ಭಾಷೆಯಲ್ಲಿ ಇತ್ತೆಂದೂ, ಅದನ್ನು ನಾವು ಕಳೆದುಕೊಂಡಿದ್ದೇವೆಂದೂ ನನಗೆ ತೋರುತ್ತದೆ. ಈ ಲೇಖನ ಆ ಮಾತನ್ನು ಹುಡುಕುವ ಪ್ರಯತ್ನ. ವಾಸ್ತುಶಿಲ್ಪ ನನ್ನ ವಿಷಯವಲ್ಲ. ಪದಗಳ ವಿಚಾರ ಮಾತ್ರ ನನ್ನದು. ಅಷ್ಟರ ಮಟ್ಟಿಗೆ ಅಧಿಕಾರ ಉಂಟೆಂದು ವಾಚಕರು ಒಪ್ಪಿಯಾರು.

ಮೊದಲು ನನ್ನ ಸ್ವಂತ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಓದಿದವರಿಗೆ ಲ್ಯಾನ್ಸ್‌ಡೌನ್ ಕಟ್ಟಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆಂದು 1892ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ ಎದ್ದ ಅಂಗಡಿ ಸಾಲು ಅದು. ಎಂ.ಎ. ಓದುತ್ತಿದ್ದ ದಿನಗಳಲ್ಲಿ ಅಲ್ಲಿನ ಹಳೆಯ ಪುಸ್ತಕದ ಅಂಗಡಿಗಳೇ ನನ್ನ ಎರಡನೆಯ ವಿಶ್ವವಿದ್ಯಾನಿಲಯ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಬೇರೊಬ್ಬರು ಒಯ್ದು ಹಿಂತಿರುಗಿಸದಿದ್ದ ಪುಸ್ತಕ ಅಲ್ಲಿ ಅರ್ಧ ಬೆಲೆಗೆ ಸಿಗುತ್ತಿತ್ತು. ಒಮ್ಮೊಮ್ಮೆ ಗ್ರಂಥಾಲಯದ ಮುದ್ರೆಯ ಸಮೇತ ಸಿಗುತ್ತಿತ್ತು. ಸಂಜೆ ಆ ಕಮಾನುಗಳ ಕೆಳಗೆ ನಿಂತು ಪುಟ ತಿರುವುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕಟ್ಟಡವನ್ನು ಕುರಿತು ಒಂದು ಲೇಖನ ಬರೆದೆ. ಕಮಾನುಗಳ ಲಯ, ಕಂಬಗಳ ಗಾಂಭೀರ್ಯ, ಸಂಜೆಬಿಸಿಲಿನ ಬಣ್ಣ, ಹಳೆಯ ಕಾಗದದ ವಾಸನೆ, ಎಲ್ಲವೂ ಅದರಲ್ಲಿದ್ದವು. ಮೆಚ್ಚಿಕೊಂಡವರೂ ಇದ್ದರು. 2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಕೆಲವು ದಿನಗಳ ಮೇಲೆ ಪರಿಚಯದ ಪುಸ್ತಕ ವ್ಯಾಪಾರಿಯೊಬ್ಬರು ಸಿಕ್ಕಿದರು. ದುಃಖ ತೋಡಿಕೊಂಡು, ಕೊನೆಗೆ ಮೆಲ್ಲಗೆ ಒಂದು ಮಾತು ಕೇಳಿದರು: “ಮೇಷ್ಟ್ರೇ, ಕಂಬ ಚೆನ್ನಾಗಿದೆ, ಕಮಾನು ಚೆನ್ನಾಗಿದೆ ಅಂತ ಅಷ್ಟುದ್ದ ಬರೆದಿರಿ. ಮಾಳಿಗೆ ಸೋರುತ್ತೆ ಅಂತ ಒಂದು ಸಾಲು ಯಾಕೆ ಬರೀಲಿಲ್ಲ? ನೀವೂ ಮಳೇಲಿ ನಮ್ಮ ಅಂಗಡೀಲಿ ನಿಂತವರೇ ಅಲ್ವೆ?”

ಉತ್ತರ ನನ್ನಲ್ಲಿ ಇರಲಿಲ್ಲ. ನಿಜ, ಮಳೆಗಾಲದಲ್ಲಿ ಅವರು ಪುಸ್ತಕದ ಕಟ್ಟುಗಳ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಿದ್ದುದನ್ನು ನಾನು ಕಂಡಿದ್ದೆ. ಅದು ನನ್ನ ಲೇಖನಕ್ಕೆ ತಕ್ಕ ವಸ್ತುವೆಂದು ತೋರಿರಲಿಲ್ಲ. ಹಳೆಯ ಕಟ್ಟಡವನ್ನು ಕುರಿತ ಬರಹಗಳ ದೋಷವನ್ನು ನಾನು ಮೊದಲು ಕಂಡುಕೊಂಡದ್ದು ನನ್ನ ಬರಹದಲ್ಲಿಯೇ.

ಭವ್ಯತೆಯ ಬರಹ ಕಟ್ಟಡವನ್ನು ಬೀದಿಯಿಂದ ನೋಡುತ್ತದೆ. ಅದಕ್ಕೆ ಕಾಣುವುದು ಮುಂಭಾಗ: ಗೋಪುರ, ಕಮಾನು, ಕೆತ್ತನೆ. ಮಾಳಿಗೆ ಹತ್ತಿ ನೋಡುವ ಅಭ್ಯಾಸ ಅದಕ್ಕಿಲ್ಲ. ಹಳೆಯ ಕಟ್ಟಡದ ಆಯುಸ್ಸು ನಿರ್ಧಾರವಾಗುವುದಾದರೋ ಮಾಳಿಗೆಯ ಮೇಲೆ. ನೀರು ಹೋಗುವ ಕಂಡಿಯಲ್ಲಿ ಕಸ ಕಟ್ಟಿಕೊಳ್ಳುತ್ತದೆ. ನಿಂತ ನೀರು ಗಾರೆಯೊಳಕ್ಕೆ ಇಳಿಯುತ್ತದೆ. ಗಾರೆಯ ಕೆಳಗಿನ ಮರದ ತೊಲೆ ಗೋಡೆಯೊಳಕ್ಕೆ ಹೋಗುವ ಜಾಗದಲ್ಲಿ, ಯಾರಿಗೂ ಕಾಣದ ಕಡೆ, ಕೊಳೆಯಲು ತೊಡಗುತ್ತದೆ. ಹಕ್ಕಿ ಹಾಕಿದ ಬೀಜದಿಂದ ಅರಳಿಯ ಸಸಿಯೊಂದು ಬಿರುಕಿನಲ್ಲಿ ತಲೆಯೆತ್ತುತ್ತದೆ. ಅದನ್ನು ಎರಡೆಲೆಯಾಗಿದ್ದಾಗ ಎರಡು ಬೆರಳಿನಿಂದ ಕೀಳಬಹುದು. ಹತ್ತು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕು. ನಮ್ಮ ಕವಿಗಳು ಆ ಸಸಿಯನ್ನು ಕಂಡು ಪ್ರಕೃತಿ ಕಲ್ಲನ್ನೂ ಗೆಲ್ಲುತ್ತದೆಂದು ಬರೆದಾರು. ಕೀಳಬೇಕೆಂದು ಬರೆದವರು ಅಪರೂಪ.

ಇನ್ನು ಶಿಥಿಲತೆಯ ಬರಹ. ಇದರ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ‘ಕಟ್ಟಡವು ಶಿಥಿಲಗೊಂಡಿರುತ್ತದೆ.’ ‘ವಾಸಕ್ಕೆ ಯೋಗ್ಯವಲ್ಲವೆಂದು ಕಂಡುಬಂದಿರುತ್ತದೆ.’ ‘ನೆಲಸಮಗೊಳಿಸಲು ತೀರ್ಮಾನಿಸಲಾಗಿದೆ.’ ಮೂರು ವಾಕ್ಯಗಳಲ್ಲಿ ಒಂದರಲ್ಲಾದರೂ ಮನುಷ್ಯನೊಬ್ಬ ಕರ್ತೃವಾಗಿ ಇದ್ದಾನೆಯೆ? ಮೊದಲನೆಯದರಲ್ಲಿ ಕಟ್ಟಡ ತಾನಾಗಿ ಶಿಥಿಲಗೊಳ್ಳುತ್ತದೆ, ಹಣ್ಣು ತಾನಾಗಿ ಮಾಗುವಂತೆ. ಎರಡನೆಯದರಲ್ಲಿ ಯಾರಿಗೋ ಏನೋ ಕಂಡುಬರುತ್ತದೆ. ಮೂರನೆಯದರಲ್ಲಿ ತೀರ್ಮಾನವಿದೆ, ತೀರ್ಮಾನಿಸಿದವನಿಲ್ಲ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗದೆಂದು ನಮ್ಮ ಹಿರಿಯ ವೈಯಾಕರಣರು ಹೇಳುತ್ತ ಬಂದಿದ್ದಾರೆ. ಕಚೇರಿಯ ಕನ್ನಡಕ್ಕೆ ಅದು ಬಹಳ ಚೆನ್ನಾಗಿ ಒಗ್ಗಿದೆ. ಮೂವತ್ತು ವರ್ಷ ಮಾಳಿಗೆಯ ಕಸ ತೆಗೆಸದವನು ಯಾರು ಎಂಬ ಪ್ರಶ್ನೆ ಈ ವ್ಯಾಕರಣದಲ್ಲಿ ಏಳುವುದೇ ಇಲ್ಲ.

ಹೀಗೆ ನೋಡಿದರೆ ಭವ್ಯ ಮತ್ತು ಶಿಥಿಲ ವಿರುದ್ಧಪದಗಳಲ್ಲ; ಅಕ್ಕತಂಗಿಯರು. ಎರಡರಲ್ಲಿಯೂ ಕಟ್ಟಡವಿದೆ, ಅದನ್ನು ನೋಡಿಕೊಳ್ಳುವ ಕೈ ಇಲ್ಲ.

ಆ ಕೈಗೆ ಕನ್ನಡದಲ್ಲಿ ಒಂದು ಹೆಸರಿತ್ತು. ಶಾಸನಗಳನ್ನು ಪಾಠ ಹೇಳುವಾಗ ನಾವೆಲ್ಲ ಬೇಗ ದಾಟಿಹೋಗುವ ಒಂದು ಸಮಾಸವಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಟ್ಟಾಗ, ಅದರ ಆದಾಯ ಯಾವ ಯಾವ ಬಾಬಿಗೆಂದು ಶಾಸನ ಎಣಿಸುತ್ತದೆ: ಪೂಜೆಗೆ, ನೈವೇದ್ಯಕ್ಕೆ, ಋಷಿಗಳ ಆಹಾರದಾನಕ್ಕೆ, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಸವೆದದ್ದು. ಕದಂಬರ ಕಾಲದಿಂದ ವಿಜಯನಗರದವರೆಗೆ ಎಷ್ಟೋ ದಾನಶಾಸನಗಳಲ್ಲಿ ಈ ಮಾತು, ಅಥವಾ ಇದರ ನೆರೆಹೊರೆಯ ಮಾತು, ಬರುತ್ತದೆ. ಪರೀಕ್ಷೆಗೆ ಮುಖ್ಯವಲ್ಲವೆಂದು ನಾನೂ ಅದನ್ನು ದಾಟಿಸಿಕೊಂಡು ಹೋಗುತ್ತಿದ್ದೆ. ನೈವೇದ್ಯ ನಿಲ್ಲಬಾರದು ಎಂಬ ಎಚ್ಚರದಷ್ಟೇ ಸಹಜವಾಗಿ ಬಿರುಕು ಬೆಳೆಯಬಾರದು ಎಂಬ ಎಚ್ಚರವೂ ಆ ಪಟ್ಟಿಯಲ್ಲಿ ಸೇರಿದೆ. ಕಟ್ಟಡ ಎದ್ದ ಹೊಸದರಲ್ಲಿಯೇ ಅದು ಬಿರಿಯುವುದೆಂದು ಒಪ್ಪಿಕೊಂಡು, ಬಿರುಕಿನ ಬಾಬಿಗೆ ಗದ್ದೆಯನ್ನು ಬಿಟ್ಟವರ ವಿವೇಕ ಎಂತಹುದು!

ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳೂ ಇದನ್ನೇ ಬೆಂಬಲಿಸುತ್ತವೆ. ಕೆಡಿಸಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗಲೆಂಬ ಶಾಪ ಎಲ್ಲರಿಗೂ ನೆನಪಿದೆ. ಅದರ ಪಕ್ಕದಲ್ಲಿಯೇ, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲು ಎಂಬ ಅರ್ಥದ ಶ್ಲೋಕ ಅನೇಕ ಶಾಸನಗಳಲ್ಲಿ ಇದೆ. ಅದು ನಮಗೆ ನೆನಪಿಲ್ಲ. ಇಂದು ಶಂಕುಸ್ಥಾಪನೆಗೆ ಕಲ್ಲಿದೆ, ಉದ್ಘಾಟನೆಗೆ ಕಲ್ಲಿದೆ. ಸುಣ್ಣ ಹೊಡೆಸಿದವನಿಗೆ, ಸೋರಿಕೆ ನಿಲ್ಲಿಸಿದವನಿಗೆ ಕಲ್ಲು ನೆಟ್ಟದ್ದನ್ನು ನಾನು ಕಂಡಿಲ್ಲ.

ಹಾಗೆಂದು ಹಿಂದಿನ ಕಾಲವೆಲ್ಲ ಸುವರ್ಣಯುಗವಾಗಿತ್ತೆಂದು ಹೇಳಿದರೆ ಅದು ಇನ್ನೊಂದು ಬಗೆಯ ಭವ್ಯತೆಯ ಬರಹವಾದೀತು. ಅರಸರು ಕಟ್ಟಿದಂತೆಯೇ ಕೆಡವಿದರು ಕೂಡ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಸಿಕ್ಕಿತು. ಹಿಂದಿನದನ್ನು ಹಿಂದಿನಂತೆಯೇ ಕಟ್ಟಬೇಕೆಂದು ಆಗ ಯಾರೂ ಹಟ ಹಿಡಿಯಲಿಲ್ಲ. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಬೇರೆಯೇ ಅರಮನೆ 1912ರ ಹೊತ್ತಿಗೆ ಎದ್ದು ನಿಂತಿತು. ನಾವು ಇಂದು ‘ಪಾರಂಪರಿಕ’ ಎನ್ನುವುದು ಆ ಹೊಸದನ್ನೇ. ಆದ್ದರಿಂದ ಹಳೆಯದೆಲ್ಲ ಉಳಿಯಬೇಕು ಎಂಬುದು ನನ್ನ ವಾದವಲ್ಲ. ಉಳಿಸುವುದೋ ಕೆಡವುವುದೋ ಎಂಬ ಪ್ರಶ್ನೆ ಬರುವ ಮೊದಲೇ, ಯಾರೂ ಏನೂ ತೀರ್ಮಾನಿಸದೆ, ಕಟ್ಟಡ ಕೈಬಿಟ್ಟುಹೋಗಿರುತ್ತದಲ್ಲ, ಅಲ್ಲಿ ನನ್ನ ತಕರಾರು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ‘ಜೀರ್ಣೋದ್ಧಾರ’ ಎಂಬ ಪದ ಸತ್ತಿಲ್ಲ. ಅದರ ಅರ್ಥ ಸತ್ತಿದೆ. ಊರೂರುಗಳಲ್ಲಿ ಜೀರ್ಣೋದ್ಧಾರ ಸಮಿತಿಗಳಿವೆ, ಚಂದಾ ಪುಸ್ತಕಗಳಿವೆ. ಬಹಳ ಕಡೆ ನಡೆಯುವುದೇನು? ಹಳೆಯ ಕಲ್ಲಿನ ಗುಡಿಯನ್ನು ಬಿಚ್ಚಿ ಕಾಂಕ್ರೀಟಿನ ಶಿಖರ ಎಬ್ಬಿಸುವುದು, ಕಂಬಗಳಿಗೆ ಎಣ್ಣೆಬಣ್ಣ ಬಳಿಯುವುದು, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತುವುದು. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಉಸಿರು ಕಟ್ಟಿದ ಗೋಡೆ ಒಳಗಿನಿಂದ ಉದುರುತ್ತದೆ. ಒಳ್ಳೆಯ ಪದವೊಂದು ತನ್ನ ಅರ್ಥದ ವೈರಿಗಳ ಕೈಗೆ ಸಿಕ್ಕಿದರೆ ಹೀಗಾಗುತ್ತದೆ.

ಈ ಚರ್ಚೆ ಪಶ್ಚಿಮದಲ್ಲಿಯೂ ನಡೆದಿದೆ. ಫ್ರಾನ್ಸಿನಲ್ಲಿ ವಿಯೊಲೆ ಲ ದ್ಯುಕ್ ಹಳೆಯ ಇಗರ್ಜಿಗಳನ್ನು ‘ಪೂರ್ಣಗೊಳಿಸುತ್ತ’ ಹೋದ. ಅವು ಎಂದೂ ಇದ್ದಿರದ ಪರಿಪೂರ್ಣತೆಗೆ ಅವನ್ನು ತಂದ. ಇಂಗ್ಲೆಂಡಿನ ರಸ್ಕಿನ್ 1849ರಲ್ಲಿ ಇಂತಹ ಪುನರುದ್ಧಾರವೆಲ್ಲ ಸುಳ್ಳೆಂದು ಸಾರಿದ. ಅವನ ಶಿಷ್ಯಪ್ರಾಯನಾದ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದ. ಅವನ ಉಪದೇಶದ ತಿರುಳು ಬಹಳ ಸರಳ: ದೊಡ್ಡ ದುರಸ್ತಿಯ ಹೊತ್ತು ಬಾರದಂತೆ ದಿನದಿನದ ಸಣ್ಣ ಆರೈಕೆ ಮಾಡಿ. ನಮ್ಮ ಶಾಸನಕವಿಗಳು ಗದ್ದೆ ಬಿಟ್ಟು ಹೇಳಿದ್ದನ್ನೇ ಅವನು ಸಂಘ ಕಟ್ಟಿ ಹೇಳಿದ. ಸಂರಕ್ಷಣೆ ಎಂಬುದು ಕರ್ಜನ್ ಪ್ರಭು 1904ರ ಕಾಯಿದೆಯ ಜೊತೆಗೆ ನಮಗೆ ತಂದುಕೊಟ್ಟ ಆಮದು ಸರಕು ಎಂದು ವಾದಿಸುವವರು ಇದನ್ನು ಗಮನಿಸಬೇಕು. ಕಾಯಿದೆ ಹೊಸದು, ಹೌದು. ಕಾಳಜಿ ಹೊಸದಲ್ಲ.

ಕನ್ನಡದ ಓದುಗರಿಗೆ ಮಾರಿಸ್‌ನ ಮಾತು ಇನ್ನೊಂದು ದಾರಿಯಿಂದಲೂ ಪರಿಚಿತ. ಅದು ಗ್ರಂಥಸಂಪಾದನೆಯ ದಾರಿ. ಹುಳು ತಿಂದ ಓಲೆಗರಿಯಲ್ಲಿ ಅರ್ಧ ಪದ್ಯ ಹೋಗಿದ್ದರೆ ಒಳ್ಳೆಯ ಸಂಪಾದಕ ಏನು ಮಾಡುತ್ತಾನೆ? ತಾನೇ ಪಾದ ಹೊಸೆದು ಸೇರಿಸುವುದಿಲ್ಲ. ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾನೆ; ಊಹೆಯಿದ್ದರೆ ಕಂಸದಲ್ಲಿಡುತ್ತಾನೆ. ಹಾಗೆಂದು ಹರಿದ ಗರಿಯನ್ನು ಒಲೆಗೂ ಹಾಕುವುದಿಲ್ಲ. ಆರ್. ನರಸಿಂಹಾಚಾರ್ಯರನ್ನು ನೆನೆಯಿರಿ. 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು ಹೊರತಂದವರೂ ಅವರೇ, ಮೈಸೂರಿನ ಪ್ರಾಕ್ತನ ಇಲಾಖೆಯ ಮುಖ್ಯಸ್ಥರಾಗಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಗ್ರಂಥ ಬರೆದವರೂ ಅವರೇ. ಅವರಿಗಿಂತ ಮೊದಲಿನ ಬಿ.ಎಲ್. ರೈಸ್ ಕೂಡ ಶಾಸನ ಸಂಗ್ರಹಿಸುತ್ತಲೇ ಪಂಪಭಾರತವನ್ನು ಅಚ್ಚು ಮಾಡಿಸಿದರು. ಆ ತಲೆಮಾರಿಗೆ ಕಲ್ಲು, ಗರಿ, ಕಟ್ಟಡ ಎಲ್ಲವೂ ಒಂದೇ ವಿದ್ಯೆಯ ಅಂಗಗಳಾಗಿದ್ದವು. ನಾವು ಇಲಾಖೆಗಳನ್ನು ಬೇರೆ ಮಾಡಿಕೊಂಡೆವು; ಗರಿ ಕನ್ನಡದವರ ಪಾಲಿಗೆ, ಗೋಡೆ ಎಂಜಿನಿಯರರ ಪಾಲಿಗೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಶಾಮಶಾಸ್ತ್ರಿಗಳಿಗೆ ದೊರೆತದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅದು ಅಚ್ಚಾಯಿತು. ಮಾಳಿಗೆ ಸೋರುವ ಕಟ್ಟಡದಲ್ಲಿ ಅಂತಹ ಗರಿ ಎಷ್ಟು ಮಳೆಗಾಲ ಉಳಿದೀತು? ಗ್ರಂಥವನ್ನು ಕಾಯುವವನು ಗೋಡೆಯನ್ನೂ ಕಾಯಬೇಕು ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಸಂಪಾದನೆಯ ಈ ಹೋಲಿಕೆಯನ್ನು ಹಿಡಿದು ದೇವರಾಜ ಮಾರುಕಟ್ಟೆಯ ವಿಚಾರಕ್ಕೆ ಬರೋಣ. 2016ರ ಆಗಸ್ಟಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಅದರ ಉತ್ತರ ದ್ವಾರದ ಭಾಗ ಬಿದ್ದಿತು. ಅಲ್ಲಿಂದಾಚೆಗೆ ತಜ್ಞರಲ್ಲಿ ಎರಡು ಪಕ್ಷಗಳಾದವು. ದುರಸ್ತಿ ಮಾಡಿ ಉಳಿಸಬಹುದೆಂದು ಒಂದು ಪಕ್ಷ. ಪೂರ್ತಿ ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕೆಂದು ಇನ್ನೊಂದು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕಟ್ಟಡದ ಬಲಾಬಲವನ್ನು ತೂಗುವ ಶಕ್ತಿ ನನಗಿಲ್ಲ. ಆದರೆ ‘ಅದೇ ರೂಪದಲ್ಲಿ’ ಎಂಬ ಮಾತನ್ನು ಪ್ರಶ್ನಿಸುವ ಹಕ್ಕು ಉಂಟು. ಹಸ್ತಪ್ರತಿಯನ್ನು ಸುಟ್ಟು, ಅದೇ ಛಂದಸ್ಸಿನಲ್ಲಿ ಹೊಸ ಕಾವ್ಯ ಬರೆದು, ಇದು ಪಂಪನದೇ ಎಂದರೆ ನಾವು ಒಪ್ಪುವೆವೆ? ಪ್ರಕ್ಷಿಪ್ತ ಎನ್ನುವುದಿಲ್ಲವೆ?

ಈ ವಾದಕ್ಕೆ ಪ್ರತಿವಾದವೂ ಇದೆ, ಅದನ್ನು ಮುಚ್ಚಿಡಬಾರದು. ಪ್ಯಾರಿಸಿನ ನೋತ್ರದಾಮ್ ಇಗರ್ಜಿಯ ಶಿಖರ 2019ರಲ್ಲಿ ಸುಟ್ಟುಬಿತ್ತು. ಅದು ಮಧ್ಯಯುಗದ ಶಿಖರವಲ್ಲ; ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೊಲೆ ಲ ದ್ಯುಕ್ ಸೇರಿಸಿದ್ದು, ರಸ್ಕಿನ್ನನ ಪಕ್ಷದವರಾದರೆ ಪ್ರಕ್ಷಿಪ್ತವೆಂದು ಹೊಡೆದುಹಾಕುತ್ತಿದ್ದ ಭಾಗ. ಫ್ರೆಂಚರು ಆ ಪ್ರಕ್ಷಿಪ್ತವನ್ನೇ ಮತ್ತೆ ಇದ್ದಂತೆ ಕಟ್ಟಿ, 2024ರ ಡಿಸೆಂಬರಿನಲ್ಲಿ ಇಗರ್ಜಿಯನ್ನು ತೆರೆದರು. ನೂರೈವತ್ತು ವರ್ಷ ಜನ ಕಣ್ಣೆತ್ತಿ ನೋಡಿದ ಮೇಲೆ ಪ್ರಕ್ಷಿಪ್ತವೂ ಪಾಠಾಂತರವಾಗುತ್ತದೆ. ಆದರೆ ಅವರ ಶಿಖರವನ್ನು ಬೆಂಕಿ ತೆಗೆದುಕೊಂಡುಹೋಗಿತ್ತು. ಉಳಿದಿರುವುದನ್ನು ತಾನಾಗಿ ಕೆಡವಿ ಅದರ ಪ್ರತಿಕೃತಿಯನ್ನು ನಿಲ್ಲಿಸುವುದು ಬೇರೆ ಮಾತು. ಇನ್ನು, ಅಲ್ಲಿ ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಮಲ್ಲಿಗೆ ಮಾರುವವರ ತಲೆಯ ಮೇಲೆ ನಿಂತಿರುವುದು ನಮ್ಮ ಸಿದ್ಧಾಂತವಲ್ಲ, ಮಾಡು. ಅವರಿಗೆ ಭದ್ರವಾದ ಮಾಡು ಬೇಕು. ಅದನ್ನು ಮರೆತ ಸಂರಕ್ಷಣೆಯ ವಾದ ನನ್ನ ಹಳೆಯ ಲೇಖನದಂತೆಯೇ ಬೀದಿಯಲ್ಲಿ ನಿಂತು ಆಡಿದ ವಾದ.

ಜನರನ್ನು ಮರೆತ ಸಂರಕ್ಷಣೆ ಏನು ಮಾಡೀತೆಂಬುದಕ್ಕೆ ಹಂಪಿ ಸಾಕ್ಷಿ. 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ನೆಲಸಿದ್ದವರ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಿದರು. ಉದ್ದೇಶ ಸ್ಮಾರಕದ ರಕ್ಷಣೆ. ಮಂಟಪಗಳಿಗೆ ಆ ಜನರಿಂದ ಹಾನಿ ಆಗುತ್ತಿತ್ತೆಂಬುದು ಸುಳ್ಳೆಂದು ನಾನು ಹೇಳಲಾರೆ. ಆದರೆ ಬಜಾರು ಎಂಬ ಹೆಸರಿನ ಬೀದಿಯಲ್ಲಿ ಬಜಾರು ಇಲ್ಲದಂತೆ ಮಾಡಿ ಅದನ್ನು ಉಳಿಸಿದೆವೆಂದರೆ, ಉಳಿಸಿದ್ದು ಯಾವುದನ್ನು?

ಈಗ ಸಾಹಿತಿಗಳಾದ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಒಂದು ವಾದ ಚಾಲ್ತಿಯಲ್ಲಿದೆ: ವಚನಕಾರರು ಸ್ಥಾವರವನ್ನು ನಿರಾಕರಿಸಿ ಜಂಗಮವನ್ನು ಹಿಡಿದರು, ಕಟ್ಟಡಕ್ಕಾಗಿ ಕಣ್ಣೀರಿಡುವುದು ಆ ಪರಂಪರೆಗೆ ಒಪ್ಪುವುದಿಲ್ಲ ಎಂದು. ಹಳೆಯ ಮನೆಯೊಂದನ್ನು ಕೆಡವಿ ವಾಣಿಜ್ಯ ಸಂಕೀರ್ಣ ಎಬ್ಬಿಸುವ ಸಮಾರಂಭದಲ್ಲಿಯೂ ಒಮ್ಮೆ ಈ ಮಾತನ್ನು ಕೇಳಿದ್ದೇನೆ. ಇದು ವಚನಗಳ ತಪ್ಪು ಓದು ಎಂದು ನನ್ನ ಭಾವನೆ. ಶಿವಶರಣರು ನಿರಾಕರಿಸಿದ್ದು ದುಡ್ಡಿದ್ದವನ ಗುಡಿಯ ಹಮ್ಮನ್ನು, ಮನುಷ್ಯನಿಗಿಂತ ಕಲ್ಲು ದೊಡ್ಡದೆನ್ನುವ ಬುದ್ಧಿಯನ್ನು. ಹಳೆಯ ಸ್ಥಾವರವನ್ನು ಬೀಳಿಸಿ ಅದರ ಹತ್ತರಷ್ಟು ದೊಡ್ಡ ಹೊಸ ಸ್ಥಾವರವನ್ನು ನಿಲ್ಲಿಸುವವನು ಜಂಗಮನಾಗುವುದು ಹೇಗೆ? ಕಾಯಕದ ತತ್ತ್ವವನ್ನು ಕಟ್ಟಡಕ್ಕೆ ಅನ್ವಯಿಸಬೇಕಾದರೆ ಅದು ಮಾಳಿಗೆ ಗುಡಿಸುವವನ ಪರವಾಗಿಯೇ ನಿಲ್ಲುತ್ತದೆ.

ಇನ್ನೊಂದು ಪ್ರಸಂಗ ಮೈಸೂರಿನ ಯಾದವಗಿರಿಯ ಮನೆಯದು. ಆರ್.ಕೆ. ನಾರಾಯಣ್ ಅವರು ಕಟ್ಟಿಸಿ ವಾಸವಾಗಿದ್ದ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಗುಲ್ಲೆದ್ದಿತು, ಕೆಲಸ ನಿಂತಿತು. ಸಾರ್ವಜನಿಕ ಹಣದಿಂದ ಅದನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ನಡುವೆ ಕನ್ನಡದ ಕೆಲವು ಸಾಹಿತಿಗಳು ಪ್ರತಿಭಟಿಸಿದರು: ಅವರು ಬರೆದದ್ದು ಇಂಗ್ಲಿಷಿನಲ್ಲಿ, ಹಸ್ತಪ್ರತಿಗಳು ಹೋದದ್ದು ಅಮೆರಿಕಕ್ಕೆ, ಕನ್ನಡಿಗರ ಹಣವನ್ನು ಅವರ ಮನೆಗೆ ಏಕೆ ಹಾಕಬೇಕು ಎಂದು. ಕನ್ನಡದ ದೊಡ್ಡ ಲೇಖಕರ ಮನೆಗಳು ಹೇಳಹೆಸರಿಲ್ಲದೆ ಹೋಗುತ್ತಿರುವಾಗ ಈ ಸಂಕಟ ಅರ್ಥವಾಗದ್ದೇನಲ್ಲ. ಆದರೂ ಆ ವಾದದಲ್ಲಿ ನನಗೊಂದು ಕೊರತೆ ಕಾಣುತ್ತದೆ. ಒಂದು ಮನೆಯನ್ನು ಉಳಿಸಿದ್ದು ಅನ್ಯಾಯವಲ್ಲ. ಉಳಿದವನ್ನು ಉಳಿಸದಿದ್ದುದು ಅನ್ಯಾಯ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ‘ಕವಿಮನೆ’ಯಾಗಿ ಎದ್ದು ನಿಂತದ್ದನ್ನು ಕಂಡು ಹೆಮ್ಮೆಪಡುವ ನಾವು, ಇನ್ನೊಂದು ಭಾಷೆಯವನ ಮನೆ ಉಳಿದರೆ ನಮ್ಮ ಮನೆಯೇ ಬಿದ್ದಂತೆ ಏಕೆ ಕಾಣಬೇಕು? ಕೊಂಡುಕೊಂಡ ಮೇಲೆ ಪ್ರತಿ ವರ್ಷದ ಮಳೆಗಾಲಕ್ಕೆ ಹಣ ಎಲ್ಲಿಂದ ಎಂಬುದನ್ನು ಎರಡು ಪಕ್ಷದವರೂ ಕೇಳಲಿಲ್ಲ. ನಾನು ಕೇಳುತ್ತಿದ್ದ ಪ್ರಶ್ನೆ ಅದು.

ಕೇಳುವುದು ಸುಲಭ. ಕೇಳುವವನು ಏನು ಮಾಡಿದನೆಂಬುದನ್ನೂ ವಾಚಕರು ತಿಳಿಯಬೇಕು. ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮದೊಂದು ತೊಟ್ಟಿಮನೆ ಇತ್ತು. ನಾಡಹೆಂಚಿನ ಮಾಡು, ನಡುವೆ ತೊಟ್ಟಿ, ಸುತ್ತ ಹದಿನಾರು ಕಂಬ. ತಾತ ಹೋದ ಮೇಲೆ ನಾಲ್ಕು ಭಾಗವಾಯಿತು; ನಾಲ್ಕು ಭಾಗದವರೂ ನಾಲ್ಕು ಊರುಗಳಲ್ಲಿ. ಹೆಂಚು ಸರಿಪಡಿಸುವವರಿಗೆ ಯಾರು ಕೂಲಿ ಕೊಡಬೇಕೆಂಬ ಮಾತು ಪ್ರತಿ ಯುಗಾದಿಗೂ ಏಳುತ್ತಿತ್ತು, ಒಬ್ಬಟ್ಟಿನೊಂದಿಗೆ ಮುಗಿಯುತ್ತಿತ್ತು. ಐದಾರು ಮಳೆಗಾಲ ಕಳೆದ ಮೇಲೆ ತೊಟ್ಟಿಯ ಮೂಲೆಯ ತೊಲೆ ಕುಸಿಯಿತು. “ಮನೆ ಶಿಥಿಲವಾಗಿದೆ, ಕೆಡವೋದು ಒಳ್ಳೇದು ಕಣೋ” ಎಂದು ದೊಡ್ಡಪ್ಪ ಹೇಳಿದರು. ಶಿಥಿಲ ಎಂಬ ಮಾತಿನ ವ್ಯಾಕರಣವನ್ನು ಮೇಲೆ ವಿಮರ್ಶಿಸಿದ ನಾನು ಆ ದಿನ ತುಟಿ ಬಿಚ್ಚದೆ ಕಾಗದಕ್ಕೆ ರುಜು ಹಾಕಿದೆ. ಹದಿನಾರು ಕಂಬಗಳನ್ನು ಹಳೆಯ ಮರದ ವ್ಯಾಪಾರಿ ಲಾರಿಗೆ ಹೇರಿಕೊಂಡು ಹೋದ. ನನ್ನ ಪಾಲಿಗೆ ಬಂದ ಹಣದಲ್ಲಿ ಒಂದು ಪುಸ್ತಕದ ಬೀರು ಮಾಡಿಸಿದೆ. ಕೆಲವು ವರ್ಷಗಳ ಮೇಲೆ ಹೆದ್ದಾರಿಯ ಪಕ್ಕದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ ಎದುರಿಗೆ ಅಂತಹುದೇ ಕಂಬಗಳು ಹೊಳಪು ಹಚ್ಚಿಕೊಂಡು ನಿಂತಿದ್ದವು. ನಮ್ಮವೇ ಇರಬೇಕೆಂದೇನೂ ಇಲ್ಲ. ಆದರೂ ಊಟ ಇಳಿಯಲಿಲ್ಲ. ಅವು ಏನನ್ನೂ ಹೊತ್ತಿರಲಿಲ್ಲ. ಕಾಂಕ್ರೀಟಿನ ತಾರಸಿಯ ಕೆಳಗೆ ಸುಮ್ಮನೆ ಅಲಂಕಾರಕ್ಕೆ ನಿಂತಿದ್ದವು.

ಈ ಅನುಭವದಿಂದ ನಾನು ಕಲಿತದ್ದು ಇಷ್ಟು. ಅಭಿಮಾನದ ಕೊರತೆಯಿಂದ ನಮ್ಮ ಮನೆ ಬೀಳಲಿಲ್ಲ. ನಾಲ್ಕು ಭಾಗದವರಿಗೂ ಅಭಿಮಾನ ಬೇಕಾದಷ್ಟಿತ್ತು. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಬಿಟ್ಟ ಗದ್ದೆ ಇರಲಿಲ್ಲ. ಯಾವ ಕಟ್ಟಡಕ್ಕೆ ನಿತ್ಯದ ಕೆಲಸವಿದೆಯೋ, ಅದರ ಮಾಳಿಗೆ ಸೋರಿದರೆ ಯಾವನ ಕೆಲಸ ಕೆಡುತ್ತದೆಯೋ, ಆ ಕಟ್ಟಡ ಉಳಿದೀತು. ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಿ. 1868ರ ಹೊತ್ತಿಗೆ ಮುಗಿದ ಆ ಕೆಂಪು ಕಟ್ಟಡವನ್ನು ಕೆಡವಬೇಕೆಂಬ ಪ್ರಸ್ತಾಪ 1980ರ ದಶಕದ ಮೊದಲಲ್ಲಿ ಬಂದಿತ್ತು. ನಾಗರಿಕರು ವಿರೋಧಿಸಿದರು, ನ್ಯಾಯಾಲಯಕ್ಕೆ ಹೋದರು. ವಾದ ನಡೆದದ್ದು ಅದೇ ಕಟ್ಟಡದಲ್ಲಿ! ತನ್ನ ಮೊಕದ್ದಮೆಗೆ ತಾನೇ ಮಾಡಾದ ಭಾಗ್ಯ ಎಲ್ಲ ಕಟ್ಟಡಗಳಿಗೂ ಬರುವುದಿಲ್ಲ. ಇಂದಿಗೂ ಅಲ್ಲಿ ನ್ಯಾಯಾಲಯ ನಡೆಯುತ್ತಿದೆ, ಕಟ್ಟಡ ನಿಂತಿದೆ. ಈ ಎರಡಕ್ಕೂ ಸಂಬಂಧವಿದೆ.

ಮನೋಭಾವ ಬದಲಾಗಿದೆ ಎಂಬುದನ್ನು ಒಪ್ಪಬೇಕು. ಎಷ್ಟೋ ಕಟ್ಟಡಗಳು ಸದ್ದಿಲ್ಲದೆ ಹೋಗುತ್ತಿದ್ದ ಕಾಲವಿತ್ತು. ಇಂದು ಒಂದು ಕಮಾನು ಬಿದ್ದರೂ ಸುದ್ದಿಯಾಗುತ್ತದೆ, ಮೆರವಣಿಗೆ ಹೊರಡುತ್ತದೆ, ‘ಪಾರಂಪರಿಕ’ ಎಂಬ ಪದ ಹಳ್ಳಿಯ ಹುಡುಗರ ಬಾಯಲ್ಲಿಯೂ ಇದೆ. ಇದು ಲಾಭವೇ. ಆದರೆ ಬಿದ್ದ ದಿನ ಏಳುವ ಕೂಗು ಮಾಳಿಗೆಯನ್ನು ಗುಡಿಸುವುದಿಲ್ಲ. ಪಾರಂಪರಿಕವೆಂದು ಪಟ್ಟಿಗೆ ಸೇರಿಸಿದ ದಿನವೇ ಅದರ ವರ್ಷ ವರ್ಷದ ದುರಸ್ತಿಗೆ ಇಷ್ಟು ಹಣ, ಅದಕ್ಕೆ ಇಂಥವನು ಹೊಣೆ ಎಂದು ಬರೆದಿಡದಿದ್ದರೆ, ಪಟ್ಟಿ ಎಂಬುದು ಮುಂದೆ ಬೀಳುವ ಕಟ್ಟಡಗಳ ಸೂಚಿಯಷ್ಟೇ ಆದೀತು. ಶಾಸನ ಬರೆಸಿದವರು ಪೂಜೆಯ ಖರ್ಚಿನ ಪಕ್ಕದಲ್ಲಿಯೇ ಬಿರುಕಿನ ಖರ್ಚನ್ನೂ ಬರೆಸಿದರು. ನಮ್ಮ ಆಯವ್ಯಯ ಪತ್ರಗಳು ಅಷ್ಟನ್ನು ಕಲಿತರೆ ಸಾಕು.

ನಲವತ್ತರಲ್ಲಿ ಬೇರೆಯಾಗಿದ್ದ ಆ ಒಂದು ಪ್ರಬಂಧದ ಮಾತು ಬಾಕಿಯಿದೆ. ಬರೆದವಳು ಹುಣಸೂರು ಕಡೆಯ ಹುಡುಗಿ. ಅವಳು ಅರಮನೆಯನ್ನಾಗಲಿ ಗುಡಿಯನ್ನಾಗಲಿ ಆರಿಸಿಕೊಂಡಿರಲಿಲ್ಲ. ತನ್ನ ಅಜ್ಜಿಯ ಮನೆಯನ್ನು ಕುರಿತು ಬರೆದಿದ್ದಳು. ಭವ್ಯವೆಂಬ ಮಾತೂ ಇರಲಿಲ್ಲ, ಶಿಥಿಲವೆಂಬ ಮಾತೂ ಇರಲಿಲ್ಲ. ಮುಂಗಾರಿಗೆ ಮೊದಲು ಅಜ್ಜ ಏಣಿ ಹಾಕಿ ಮೇಲೆ ಹತ್ತಿ ಹೆಂಚು ಕೈಯಾಡಿಸುತ್ತಾರೆ, ಒಡೆದದ್ದನ್ನು ತೆಗೆದು ಬೇರೆ ಇಡುತ್ತಾರೆ, ಕೆಳಗೆ ನಿಂತು ಹೆಂಚು ಎಟುಕಿಸಿಕೊಡುವುದು ತನ್ನ ಕೆಲಸ ಎಂದು ಬರೆದಿದ್ದಳು. ಕಾಗುಣಿತದ ತಪ್ಪುಗಳು ಸಾಕಷ್ಟಿದ್ದವು. ಅಷ್ಟನ್ನೂ ತಿದ್ದಿದೆ. ‘ಕೈಯಾಡಿಸುತ್ತಾರೆ’ ಎಂಬ ಪದದ ಕೆಳಗೆ ಮಾತ್ರ ಗೆರೆ ಎಳೆದು, ಮರುದಿನ ತರಗತಿಯಲ್ಲಿ ಆ ಪ್ರಬಂಧವನ್ನು ಓದಿಸಿದೆ. ಆಮೇಲೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಸಮಾಸವನ್ನು ಕಪ್ಪುಹಲಗೆಯ ಮೇಲೆ ಬರೆದು, ಈ ಸಲ ದಾಟಿಹೋಗದೆ, ಬಿಡಿಸಿ ಹೇಳಿದೆ.